ಬಂಪರಿನ ಬಲಮೂಲೆ

ಅಕ್ಕ ಕಾರಿನ ಕೀಲಿಕೈಯನ್ನು ಪಾಪಣ್ಣನ ಅಂಗೈಯಲ್ಲಿಟ್ಟು, ಅವನ ಬೆರಳುಗಳನ್ನು ತಾನೇ ಒಂದೊಂದಾಗಿ ಮಡಿಸಿ ಮುಚ್ಚಿದಳು.

"ಒಂಬತ್ತು ದಿನ. ದಿನ ಬಿಟ್ಟು ದಿನ ಹತ್ತು ನಿಮಿಷ ಇಂಜಿನ್ ಆನ್ ಮಾಡು, ಆಫ್ ಮಾಡು. ಓಡಿಸಬೇಡ."

"ಓಡಿಸಲ್ಲಕ್ಕ."

"ಗೇರಿಗೂ ಕೈ ಹಾಕಬೇಡ."

"ಹಾಕಲ್ಲಕ್ಕ."

"ಏನು ಹೇಳಿದೆ, ಹೇಳು ನೋಡೋಣ."

ಪಾಪಣ್ಣ ಹೇಳಿ ಒಪ್ಪಿಸಿದ. ಅವನಿಗೆ ಆಗ ನಲವತ್ತಾರು ವರ್ಷ. ಹದಿನೆಂಟು ವರ್ಷದಿಂದ ಕನ್ನಡಕದ ಅಂಗಡಿ ಇಟ್ಟುಕೊಂಡು ಊರವರ ಕಣ್ಣು ನೋಡುತ್ತಿದ್ದ. ಚಿಕ್ಕಂದಿನಲ್ಲಿ 'ಪಾಪು' ಆಗಿದ್ದವನು ಮೀಸೆ ಬಂದ ಮೇಲೆ ಮರ್ಯಾದೆಗೆಂದು 'ಪಾಪಣ್ಣ' ಆಗಿದ್ದ. ಆ ಬಡ್ತಿಯ ಸುದ್ದಿ ಅಕ್ಕನಿಗೆ ಮಾತ್ರ ಇನ್ನೂ ತಲುಪಿರಲಿಲ್ಲ.

ಅಕ್ಕ ಡ್ರೈವಿಂಗ್ ಲೈಸೆನ್ಸ್ ಕೊಡುವ ಕಚೇರಿಯಲ್ಲಿ ಪರೀಕ್ಷಕಿ. ಕಚೇರಿಯ ಹಿಂದಿನ ಮೈದಾನದಲ್ಲಿ ಹಳದಿ ಬಣ್ಣ ಬಳಿದ ಕಬ್ಬಿಣದ ಕಂಬಗಳಿದ್ದವು. ಕಾರನ್ನು ಹಿಮ್ಮುಖವಾಗಿ ತಂದು ಅವುಗಳ ನಡುವೆ ನಿಲ್ಲಿಸಬೇಕು. ಕಂಬಕ್ಕೆ ಕೂದಲೆಳೆಯಷ್ಟು ತಾಗಿದರೂ ಫೇಲು. ಅಕ್ಕ ಯಾರ ಮಾತಿಗೂ ಸೊಪ್ಪು ಹಾಕುತ್ತಿರಲಿಲ್ಲ. ಅಳುವವರಿಗೆ ಮೊದಲು ಕುಡಿಯಲು ನೀರು ಕೊಡುತ್ತಿದ್ದಳು, ಆಮೇಲೆ ಫೇಲು ಮಾಡುತ್ತಿದ್ದಳು. ಮೂರು ವರ್ಷದ ಹಿಂದೆ ತಮ್ಮನನ್ನೂ ಎರಡು ಸಲ ಫೇಲು ಮಾಡಿದ್ದಳು. ಅವಳು ಜ್ವರವೆಂದು ರಜೆ ಹಾಕಿದ ದಿನ ಬೇರೊಬ್ಬ ಪರೀಕ್ಷಕರು ಪಾಪಣ್ಣನನ್ನು ಪಾಸು ಮಾಡಿದರು. ಆ ವಿಷಯ ಎತ್ತಿದರೆ ಅಕ್ಕ, "ಅದು ಅವರ ತೀರ್ಮಾನ" ಎನ್ನುತ್ತಿದ್ದಳು, ಅಷ್ಟೇ.

ಈಗ ಯಾವುದೋ ತರಬೇತಿಗೆಂದು ಅವಳು ಪರವೂರಿಗೆ ಹೊರಟಿದ್ದಳು. ಅವಳ ಮನೆಯ ಮುಂದೆ ನೀರಿನ ಪೈಪಿಗಾಗಿ ರಸ್ತೆ ಅಗೆದಿದ್ದರಿಂದ ಕಾರನ್ನು ತಮ್ಮನ ಅಂಗಳದಲ್ಲಿ ಬಿಡಬೇಕಾಯಿತು. ಬೂದು ಮಿಶ್ರಿತ ನೀಲಿ ಬಣ್ಣದ, ಆರು ವರ್ಷ ಹಳೆಯದಾದರೂ ಆರು ದಿನದ್ದರಂತೆ ಕಾಣುವ ಕಾರು. ಅದನ್ನು ಅಕ್ಕನ ಹೊರತು ಯಾರೂ ಓಡಿಸಿದ್ದಿಲ್ಲ. ತೊಳೆಯುವುದಕ್ಕೂ ಅವಳು ಬೇರೆಯವರನ್ನು ನಂಬುತ್ತಿರಲಿಲ್ಲ.

ಎರಡು ದಿನ ಪಾಪಣ್ಣ ಹೇಳಿದಷ್ಟೇ ಮಾಡಿದ. ಮೂರನೆಯ ದಿನ ಬೆಳಿಗ್ಗೆ ನೋಡಿದರೆ, ಪಕ್ಕದ ಮನೆಯ ಮರದಿಂದ ಕಾಗೆಗಳು ಕಾರಿನ ನೆತ್ತಿಯ ಮೇಲೆ ತಮ್ಮ ಕೆಲಸ ಮುಗಿಸಿ ಹೋಗಿದ್ದವು. ಕಾಗೆಯ ಹಿಕ್ಕೆ ಬಣ್ಣವನ್ನು ತಿನ್ನುತ್ತದೆಂದು ಅವನು ಎಲ್ಲೋ ಕೇಳಿದ್ದ. ಒರೆಸಿದ. ಇನ್ನೊಂದು ಬಿತ್ತು. ಮತ್ತೆ ಒರೆಸಿದ. ಮತ್ತೊಂದು ಬಿತ್ತು. ಕಾರನ್ನು ಎರಡು ಮಾರು ಹಿಂದಕ್ಕೆ ತಂದರೆ ಕೊಂಬೆಯ ಕೆಳಗಿನಿಂದ ಪಾರಾಗುತ್ತದೆ. ಎರಡು ಮಾರು ಹಿಂದಕ್ಕೆ ತರುವುದನ್ನು ಓಡಿಸುವುದು ಎನ್ನಲಾಗದು ಎಂದು ಅವನು ತನ್ನಷ್ಟಕ್ಕೆ ತೀರ್ಪು ಕೊಟ್ಟುಕೊಂಡ. ಅಕ್ಕನ ಕಾರಿನ ಮೇಲಿನ ಕಾಳಜಿಯಿಂದಲೇ ಅವನು ಒಳಗೆ ಕೂತದ್ದು.

ಒಂದೂಮುಕ್ಕಾಲು ಮಾರು ಸುಸೂತ್ರವಾಗಿ ಹೋಯಿತು. ಆಮೇಲೆ ಹಿಂದಿನಿಂದ 'ಕರ್ರ್' ಎಂದಿತು.

ಬಂಪರಿನ ಬಲಮೂಲೆ ಗೇಟಿನ ಕಂಬಕ್ಕೆ ಉಜ್ಜಿತ್ತು. ಬೆಕ್ಕು ಪರಚಿದಂತೆ ಮೂರು ಗೆರೆ, ಅವುಗಳ ನಡುವೆ ಕಂಬದ ಸುಣ್ಣ. ಸದ್ದು ಕೇಳಿ ಹೆಂಡತಿ ಹೊರಗೆ ಬಂದಳು. ಅವಳು ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಅಂಗಡಿ ಇಟ್ಟಿದ್ದಳು. ಕೊರಳಲ್ಲಿ ಯಾವಾಗಲೂ ಅಳತೆಯ ಟೇಪು. ಗಂಡನ ಮುಖ ನೋಡಿದಳು, ಬಂಪರ್ ನೋಡಿದಳು, ಕೂತು ಟೇಪು ಹಿಡಿದಳು.

"ಏಳೂವರೆ ಇಂಚು."

"ಅಳತೆ ಯಾಕೆ ಈಗ?"

"ಅಭ್ಯಾಸ ಆಗ್ಬಿಟ್ಟಿದೆ. ಗ್ಯಾರೇಜಿಗೆ ತಗೊಂಡ್ಹೋಗಿ."

"ಈ ಕಂಬಾನ ಇಲ್ಲಿ ನಿಲ್ಸಿದ್ದೇ ಸರಿ ಇಲ್ಲ ಕಣೇ."

"ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ. ಗ್ಯಾರೇಜಿಗೆ ತಗೊಂಡ್ಹೋಗಿ ರೀ."

ಪಾಪಣ್ಣ ಒಪ್ಪಲಿಲ್ಲ. ಊರಿನ ಗ್ಯಾರೇಜಿನವರೆಲ್ಲ ಒಂದಲ್ಲ ಒಂದು ದಿನ ಆ ಹಳದಿ ಕಂಬಗಳ ನಡುವೆ ಬೆವರು ಸುರಿಸಿದವರೇ. ಅಕ್ಕನ ಕಾರನ್ನು ಅವರು ಹತ್ತು ಮೈಲಿ ದೂರದಿಂದ ಗುರುತಿಸುತ್ತಾರೆ. ಬೆಳಿಗ್ಗೆ ಕಾರು ಒಳಗೆ ಹೋದರೆ ಸಂಜೆಯೊಳಗೆ ಸುದ್ದಿ ಅವಳ ತರಬೇತಿಯ ಬೆಂಚಿಗೆ ಮುಟ್ಟುತ್ತದೆ. ಇದನ್ನು ಹೆಂಡತಿಗೆ ಹೇಳುವ ಬದಲು, "ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕೆ? ಮನೇಲೇ ಮಾಡ್ತೀನಿ" ಎಂದ.

ಫೋನಿನಲ್ಲಿ ಒಂದು ವಿಡಿಯೋ ನೋಡಿದ. ಅದರಲ್ಲಿ ಬಿಳಿ ಕೈಗವಸು ತೊಟ್ಟ ಒಬ್ಬಾತ ಇಂಥದ್ದೇ ಗೀರನ್ನು ಹನ್ನೊಂದು ನಿಮಿಷದಲ್ಲಿ, ಹಿನ್ನೆಲೆ ಸಂಗೀತದೊಂದಿಗೆ, ಮಾಯ ಮಾಡಿದ. ಪಾಪಣ್ಣ ಅದನ್ನು ನಾಲ್ಕು ಸಲ ನೋಡಿ, ತನಗೆ ಮೊದಲ ಸಲವಾದ್ದರಿಂದ ಅರ್ಧ ಗಂಟೆ ಬೇಕಾಗಬಹುದು ಎಂದು ಲೆಕ್ಕ ಹಾಕಿದ.

ಸೋಪಿನ ನೀರಿನಿಂದ ತೊಳೆದು ಒರೆಸಿದ. ಅಲ್ಲಿಯವರೆಗೆ ವಿಡಿಯೋದವನಿಗೂ ಇವನಿಗೂ ವ್ಯತ್ಯಾಸವಿರಲಿಲ್ಲ. ಆಮೇಲೆ ಉಜ್ಜುವ ಕಾಗದ ಬೇಕಿತ್ತು. ವಿಡಿಯೋದವನು ಹಿಟ್ಟಿನಷ್ಟು ನಯವಾದ ಕಾಗದವನ್ನು ನೀರಲ್ಲಿ ನೆನೆಸಿ, ಮಗುವಿನ ಕೆನ್ನೆ ಸವರುವಂತೆ ಸವರಿದ್ದ. ಪಾಪಣ್ಣನ ಮನೆಯಲ್ಲಿದ್ದದ್ದು ಬಾಗಿಲು ಉಜ್ಜಿ ಉಳಿದ ಮರಗೆಲಸದ ಕಾಗದ, ಮುಟ್ಟಿದರೆ ಕಲ್ಲುಸಕ್ಕರೆಯಂತಿತ್ತು. ಕಾಗದ ಯಾವುದಾದರೇನು, ಕೈ ಮುಖ್ಯ ಎಂದುಕೊಂಡು ಉಜ್ಜಿದ. ಮೂರು ಗೆರೆಗಳು ನಿಜವಾಗಿಯೂ ಮಾಯವಾದವು. ಅವುಗಳ ಜಾಗದಲ್ಲಿ ಮುನ್ನೂರು ಬಂದವು. ಹೆಂಡತಿ ಬಂದು ಟೇಪು ಹಿಡಿದು, "ಹದಿಮೂರು ಇಂಚು. ಅಗಲ ಐದು" ಎಂದು ಹೇಳಿ ಒಳಗೆ ಹೋದಳು.

ಉಜ್ಜುವಾಗ ಒಂದು ಕಡೆ ಮೇಲ್ಮೈ ಸ್ವಲ್ಪ ಉಬ್ಬಿದಂತೆ, ಉಳಿದ ಕಡೆಗಿಂತ ಗಟ್ಟಿಯಾಗಿ ಸಿಕ್ಕಿತು. ಕಂಪನಿಯವರು ಮೂಲೆಗಳನ್ನು ಭದ್ರವಾಗಿ ಮಾಡಿರುತ್ತಾರೆ ಎಂದು ಅವನು ಒಳಗೊಳಗೇ ಮೆಚ್ಚಿಕೊಂಡು ಮುಂದುವರಿದ.

ಮಾರನೆಯ ದಿನ ಗೀರು ತುಂಬಲು ಪುಟ್ಟಿ ಮೆತ್ತಿದ. ಅದು ಒಣಗುವ ಮುಂಚೆ ಒಂದು ನೊಣ ಕೂತಿತು. ನೊಣವನ್ನು ತೆಗೆಯಲು ಹೋಗಿ ಹೆಬ್ಬೆರಳು ಒತ್ತಿತು. ಹೆಬ್ಬೆರಳಿನ ಗುಳಿ ತುಂಬಲು ಇನ್ನಷ್ಟು ಪುಟ್ಟಿ ಹಾಕಿದ. ಸಂಜೆ ಹೊತ್ತಿಗೆ ಬಂಪರಿನ ಮೂಲೆ ಗದ್ದಕಟ್ಟು ಬಂದು ಊದಿದಂತಾಗಿತ್ತು.

ಬಣ್ಣವನ್ನು ಹಾರ್ಡ್‌ವೇರ್ ಅಂಗಡಿಯಲ್ಲಿ, ಟ್ಯೂಬ್‌ಲೈಟಿನ ಕೆಳಗೆ, ಡಬ್ಬಿಯ ಮುಚ್ಚಳ ನೋಡಿ ಆರಿಸಿದ. ಊರಿನ ಅರ್ಧ ಜನರಿಗೆ ಬಣ್ಣ ಸರಿಯಾಗಿ ಕಾಣುತ್ತದೋ ಇಲ್ಲವೋ ಎಂದು ಹೇಳುವವನು ತಾನು. ಒಂದು ಬೂದು ನೀಲಿಗೆ ಯಾರನ್ನು ಕೇಳಬೇಕು? ಮನೆಗೆ ತಂದಾಗ ಹೆಂಡತಿ ಮುಚ್ಚಳವನ್ನು ಕಾರಿನ ಪಕ್ಕ ಬಿಸಿಲಿಗೆ ಹಿಡಿದಳು.

"ಇದು ಆ ಬಣ್ಣ ಅಲ್ಲ."

"ಒಣಗಿದ್ಮೇಲೆ ಸರಿಹೋಗುತ್ತೆ."

"ದಿನಾ ಬಟ್ಟೆಗೆ ನೂಲು ಹೊಂದಿಸೋಳು ನಾನು. ಇದರಲ್ಲಿ ಹಸಿರು ಇದೆ."

"ನಿನಗೆ ಕಣ್ಣು ಪರೀಕ್ಷೆ ಮಾಡಿ ಎಷ್ಟು ದಿನ ಆಯ್ತು?"

ಹೆಂಡತಿ ಮುಚ್ಚಳವನ್ನು ಅವನ ಕೈಗಿಟ್ಟು ಒಳಗೆ ಹೋದಳು. ಮದುವೆಯಾದ ಇಪ್ಪತ್ತು ವರ್ಷಗಳಲ್ಲಿ ಇದು ಒಳ್ಳೆಯ ಲಕ್ಷಣವಾಗಿದ್ದದ್ದು ಒಮ್ಮೆಯೂ ಇಲ್ಲ.

ಪಾಪಣ್ಣ ಸುತ್ತ ಹಳೆಯ ಪೇಪರ್ ಅಂಟಿಸಿ ಸ್ಪ್ರೇ ಮಾಡಿದ. ಮೊದಲ ಸಲ ತೆಳುವಾಯಿತು. ಎರಡನೆಯ ಸಲ ಹತ್ತಿರದಿಂದ ಹೊಡೆದ. ಬಣ್ಣ ಕಣ್ಣೀರಿನಂತೆ ಕೆಳಗಿಳಿಯಿತು. ಒರೆಸಿದ. ಒರೆಸಿದ ಬಟ್ಟೆಯ ಎಳೆಗಳು ಅಲ್ಲೇ ಉಳಿದವು. ಅಂಚು ಎದ್ದು ಕಾಣುತ್ತದೆಂದು ಇನ್ನಷ್ಟು ಅಗಲಕ್ಕೆ ಹೊಡೆದ. ಆ ಅಂಚೂ ಎದ್ದು ಕಂಡಿತು. ಹೀಗೆ ಅಂಚನ್ನು ಬೆನ್ನಟ್ಟುತ್ತ ಹೋಗಿ, ಆರನೆಯ ದಿನ ಮಧ್ಯಾಹ್ನ ನಂಬರ್ ಪ್ಲೇಟಿನ ಹತ್ತಿರ ಡಬ್ಬಿ ಖಾಲಿಯಾದಾಗ ನಿಂತ. ಬಿಸಿಲಿನಲ್ಲಿ ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದ. ಕಾರು ನೀಲಿಯಾಗಿತ್ತು. ಬಂಪರಿನ ಅರ್ಧ ಭಾಗ ಪಾಚಿ ಕಟ್ಟಿದ ತೊಟ್ಟಿಯಂತಿತ್ತು.

ಹೆಂಡತಿ ಬಾಗಿಲಲ್ಲಿ ನಿಂತು ಫೋನಿನಲ್ಲಿ ಒಂದು ಫೋಟೋ ತೆಗೆದುಕೊಂಡಳು.

"ಇದನ್ನ ಯಾಕೆ ತೆಗೀತಿದ್ದೀಯ?"

"ಇರ್ಲಿ. ಗ್ಯಾರೇಜಿನವರು ಮಧ್ಯಾಹ್ನ ಊಟ ಮುಗಿಸಿ ಎರಡೂವರೆಗೆ ವಾಪಸ್ ಗ್ಯಾರೇಜಿಗೆ ಬರ್ತಾರಂತೆ. ನಾನು ಫೋನ್ ಮಾಡಿ ಕೇಳ್ದೆ."

ಅವಳು ಹುಡುಕಿದ್ದು ಊರಾಚೆಯ ಒಂದು ಶೆಡ್ಡು. ಅಲ್ಲಿನ ಪೇಂಟರ್ ಮೇಸ್ತ್ರಿ ಅರವತ್ತರ ಆಸುಪಾಸಿನವರು, ತೆಳ್ಳಗಿನವರು. ಮಾತನ್ನೂ ಬಣ್ಣದಂತೆ ತೆಳುವಾಗಿ ಬಳಸುವವರು. ಲೈಸೆನ್ಸ್ ಮಾಡಿಸಿಕೊಂಡವರಲ್ಲ, ಸೈಕಲ್ಲಿನಲ್ಲಿ ಓಡಾಡುವವರು. ಹಾಗಾಗಿ ಅಕ್ಕನ ಪರಿಚಯವಿರಲಿಲ್ಲ. ಪಾಪಣ್ಣ ದಾರಿಯಲ್ಲಿ ಸಿಕ್ಕ ಪ್ರತಿಯೊಂದು ಕಂಬಕ್ಕೂ ಮರ್ಯಾದೆ ಕೊಡುತ್ತ, ಕಾರನ್ನು ಅಲ್ಲಿಗೆ ಮುಟ್ಟಿಸಿದ.

ಮೇಸ್ತ್ರಿ ಬಂಪರಿನ ಮುಂದೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದರು. ಒಂದು ಬಟ್ಟೆಯ ಎಳೆಯನ್ನು ಚಿಮುಟದಂತೆ ಎರಡು ಉಗುರಲ್ಲಿ ಹಿಡಿದು ಎಳೆದರು.

"ಯಾರು ಮಾಡಿದ್ದು ಸಾರ್?"

"ನಮ್ಮ ಕಡೆಯೋರು ಒಬ್ಬರು."

"ಅವರು ಏನು ಕೆಲಸ ಮಾಡ್ಕೊಂಡಿದಾರೆ?"

"ಕನ್ನಡಕದಂಗಡಿ."

ಮೇಸ್ತ್ರಿ ಪಾಪಣ್ಣನ ಕಿಸೆಯಲ್ಲಿದ್ದ ಮೂರು ಕನ್ನಡಕಗಳನ್ನು ನೋಡಿ, "ಹೂಂ" ಎಂದರು. ಆಮೇಲೆ ಡ್ರೈವರ್ ಬಾಗಿಲು ತೆಗೆದು, ಒಳಗಿನ ಚೌಕಟ್ಟಿಗೆ ಅಂಟಿಸಿದ್ದ ಬೆರಳಗಲದ ಚೀಟಿಯನ್ನು ತೋರಿಸಿದರು. "ಬಣ್ಣದ ನಂಬರ್ ಇಲ್ಲೇ ಬರೆದಿರ್ತಾರೆ ಸಾರ್. ಕಣ್ಣಲ್ಲಿ ನೋಡಿ ತರಬಾರದು. ಕಣ್ಣು ಮೋಸ ಮಾಡುತ್ತೆ."

ಕಣ್ಣಿನ ಮೇಲೇ ಜೀವನ ಮಾಡುತ್ತಿದ್ದ ಪಾಪಣ್ಣ ತಲೆಯಾಡಿಸಿದ.

ಮೇಸ್ತ್ರಿ ಬಂಪರನ್ನು ಬಿಚ್ಚಿ ಮರದ ಸ್ಟ್ಯಾಂಡಿನ ಮೇಲೆ ಮಲಗಿಸಿದರು. ನೀರು ಚಿಮುಕಿಸುತ್ತ ನಯವಾದ ಕಾಗದದಿಂದ ಉಜ್ಜತೊಡಗಿದರು. ಪಾಚಿ ಬಣ್ಣ ಹೋಯಿತು. ಗದ್ದಕಟ್ಟು ಹೋಯಿತು. ನೊಣದ ಒಂದು ಕಾಲು ಸಿಕ್ಕಿತು, ಅದೂ ಹೋಯಿತು. ನಂತರ ಕೈ ತಟಕ್ಕನೆ ನಿಂತಿತು.

"ಇದಕ್ಕೆ ಮುಂಚೇನೂ ಒಂದ್ಸಲ ಮನೇಲೇ ಮಾಡಿದೀರಲ್ಲ ಸಾರ್."

"ಇಲ್ಲಪ್ಪ. ಇದೇ ಮೊದಲು."

"ನಿಮ್ಮದರ ಕೆಳಗೆ ಇನ್ನೊಬ್ಬರದು ಇದೆ." ಮೇಸ್ತ್ರಿ ಉಗುರಿನಿಂದ ಕೆರೆದು ಬಿಳಿಯ ಪುಡಿ ತೋರಿಸಿದರು. "ಇದು ಕಾರಿನ ಪುಟ್ಟಿ ಅಲ್ಲ. ನೀರಿನ ಪೈಪು ಸೋರಿದ್ರೆ ಮೆತ್ತುತಾರಲ್ಲ, ಅದು. ಆದ್ರೆ ಬಣ್ಣ ನಂಬರ್ ನೋಡಿ ತಂದಿದಾರೆ, ಅಂಚು ತೀಡಿದಾರೆ. ತಾಳ್ಮೆ ಇರೋ ಕೈ." ಉಗುರಿನ ಪುಡಿ ಊದಿ, "ನಿಮ್ಮದಕ್ಕಿಂತ ಚೆನ್ನಾಗಿದೆ" ಎಂದರು.

ಕಂಪನಿಯವರ ಭದ್ರತೆ ಎಂದು ತಾನು ಮೆಚ್ಚಿಕೊಂಡ ಉಬ್ಬು ಇದೇ ಎಂದು ಪಾಪಣ್ಣನಿಗೆ ಹೊಳೆಯಿತು. ಮೇಸ್ತ್ರಿ ಅದನ್ನೂ ಕೆರೆದು ತೆಗೆದರು. ಅಡಿಯಲ್ಲಿ ಎರಡು ಹಳೆಯ ಗೆರೆಗಳಿದ್ದವು, ಮೇಲೊಂದು, ಕೆಳಗೊಂದು. ಆಳದಲ್ಲಿ ಸಾಸಿವೆಯಷ್ಟು ಹಳದಿ ಬಣ್ಣ ಕಚ್ಚಿಕೊಂಡಿತ್ತು.

"ಯಾವುದೋ ಹಳದಿ ಕಂಬಕ್ಕೆ ತಾಗಿದೆ. ಎರಡು ಸಲ."

ಪಾಪಣ್ಣ ಪಕ್ಕದಲ್ಲಿದ್ದ ಟೈರಿನ ಮೇಲೆ ಕೂತ. ಆ ಹಳದಿಯನ್ನು ಅವನು ಬಲ್ಲ. ಡ್ರೈವಿಂಗ್ ಕಲಿಸಿದವರ ಕಾರಿನ ಮೈಗೂ ಅವನು ಅದನ್ನು ಎರಡು ಸಲ ಹಚ್ಚಿದ್ದ. ಈ ಕಾರನ್ನು ಅಕ್ಕನ ಹೊರತು ಯಾರೂ ಓಡಿಸಿದ್ದಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದ ಕಥೆ ಕೇಳಿದ್ದ. ಬೇಲಿ ಆಮೇಲೆ ಕೂತು ಹೊಲಕ್ಕೆ ಪೈಪಿನ ಪುಟ್ಟಿ ಮೆತ್ತಿದ್ದು ಕೇಳಿರಲಿಲ್ಲ.

ಅವನಿಗೆ ಖುಷಿಯಾಗಬೇಕಿತ್ತು. ಟೈರಿನ ಮೇಲೆ ಕೂತು ಖುಷಿ ಬರಲೆಂದು ಸ್ವಲ್ಪ ಹೊತ್ತು ಕಾದ. ಬಂದದ್ದು ಬೇರೆ. ಅಕ್ಕ ತನ್ನ ಅಡುಗೆಮನೆಯ ಸ್ಟೂಲನ್ನು ಹೊರಗೆ ತಂದು, ಕಾರಿನ ಹಿಂದೆ ಒಬ್ಬಳೇ ಕೂತು, ಯಾರೂ ನೋಡುತ್ತಿಲ್ಲವೆಂದು ಖಚಿತ ಮಾಡಿಕೊಂಡು ಅಂಚು ತೀಡುತ್ತಿರುವ ಚಿತ್ರ ಕಣ್ಣ ಮುಂದೆ ಬಂತು. ಒಂದು ಮಾತು ಹೇಳಿದ್ದರೆ ತಾನೂ ಹೋಗಿ ಪಕ್ಕದಲ್ಲಿ ಕೂರುತ್ತಿದ್ದೆ ಅನ್ನಿಸಿತು. ಕೆಲಸ ಕೆಡುತ್ತಿತ್ತು, ಅದು ಬೇರೆ ಮಾತು.

"ನಿಮ್ಮದೊಂದೇ ಸರಿ ಮಾಡ್ಲಾ, ಹಳೇದೂ ಸೇರಿಸಿ ಮಾಡ್ಲಾ?" ಎಂದರು ಮೇಸ್ತ್ರಿ.

"ಹಳೇದನ್ನ ಹಾಗೇ ಉಳಿಸಿ ನಂದು ಮಾತ್ರ ತೆಗೆಯೋಕಾಗುತ್ತಾ?"

"ಇಲ್ಲ."

"ಮತ್ಯಾಕೆ ಕೇಳಿದ್ರಿ?"

"ಕೇಳೋದು ಕ್ರಮ."

ಮೇಸ್ತ್ರಿ ಎರಡು ದಿನ ತೆಗೆದುಕೊಂಡರು. ಅವಸರ ಮಾಡಬೇಡಿ, ಒಣಗೋದು ಅದರ ಕೆಲಸ, ಕಾಯೋದು ನಮ್ಮ ಕೆಲಸ ಎಂದರು. ಪಾಪಣ್ಣ ಎರಡೂ ದಿನ ಅಂಗಡಿ ಮುಚ್ಚಿದ ಮೇಲೆ ಹೋಗಿ ದೂರದಲ್ಲಿ ನಿಂತು ನೋಡಿದ. ಪ್ಲಾಸ್ಟಿಕ್ಕಿಗೆ ಬೇಕಾದ ಬೇರೆ ಪುಟ್ಟಿ, ಅದರ ಮೇಲೆ ಪ್ರೈಮರ್, ಆಮೇಲೆ ಉಸಿರಿನಷ್ಟು ತೆಳುವಾಗಿ ಬಣ್ಣ, ಕೊನೆಗೆ ಗಾಜಿನಂಥ ಮೇಲ್ಪದರ. ಮೇಸ್ತ್ರಿಯ ಕೈ ಒಮ್ಮೆಯೂ ಅನುಮಾನಿಸಲಿಲ್ಲ. ಒಂಬತ್ತನೆಯ ದಿನ ಬೆಳಿಗ್ಗೆ ಕಾರು ಅಂಗಳಕ್ಕೆ ಬಂದಾಗ ಹೆಂಡತಿ ಬಿಸಿಲಿನಲ್ಲಿ ಕೂತು ಮೂಲೆಯನ್ನು ಎಲ್ಲ ಕೋನಗಳಿಂದ ನೋಡಿ, ಟೇಪನ್ನು ಕೊರಳಿಂದ ತೆಗೆಯಲೇ ಇಲ್ಲ. "ಅಳೆಯೋಕೆ ಏನೂ ಇಲ್ಲ" ಎಂದಳು.

ಅಕ್ಕ ಮಧ್ಯಾಹ್ನ ಹನ್ನೆರಡಕ್ಕೆ ಬಂದಳು. ಚೀಲವನ್ನು ಕಟ್ಟೆಯ ಮೇಲಿಟ್ಟು, ಅಭ್ಯಾಸದಂತೆ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. ಮುಂದಿನ ಚಕ್ರ ನೋಡಿದಳು, ಕನ್ನಡಿ ನೋಡಿದಳು. ಹಿಂದಿನ ಬಲಮೂಲೆಗೆ ಬಂದವಳು ನಿಂತಳು. ಬಗ್ಗಿ ಬೆರಳಿನಿಂದ ಸವರಿದಳು. ಇನ್ನೊಂದು ಸಲ ಸವರಿದಳು.

ಪಾಪಣ್ಣನಿಗೆ ಅವಳ ಪಾಡು ಅರ್ಥವಾಯಿತು. ಉಬ್ಬು ಎಲ್ಲಿ ಹೋಯಿತು ಎಂದು ಕೇಳಿದರೆ ಉಬ್ಬಿತ್ತು ಎಂದು ಒಪ್ಪಿಕೊಂಡಂತೆ. ಕೇಳದಿದ್ದರೆ ಹೊಟ್ಟೆಯಲ್ಲಿ ಉಳಿಯುತ್ತದೆ. ತಾನು ಬಾಯಿ ಬಿಟ್ಟರೆ ತನ್ನದು ಹೊರಬೀಳುತ್ತದೆ. ಇಬ್ಬರೂ ಬಂಪರನ್ನೇ ನೋಡುತ್ತ ನಿಂತರು.

"ಪಾಪು."

"ಹೂಂ ಅಕ್ಕ."

"ಕಾರು ಓಡಿಸಿದ್ಯಾ?"

"ಎರಡು ಮಾರು."

"ಎಲ್ಲಿಗೆ ತಾಗಿಸಿದೆ?"

"ಗೇಟಿನ ಕಂಬಕ್ಕೆ."

"ಯಾರ ಹತ್ರ ಮಾಡಿಸಿದೆ?"

"ಊರಾಚೆ ಒಬ್ರು ಮೇಸ್ತ್ರಿ."

ಅಕ್ಕ ಮತ್ತೆ ಮೂಲೆಯನ್ನು ಸವರಿದಳು. "ಏನಾದ್ರೂ ಹೇಳಿದ್ರಾ ಅವರು?"

"ತಾಳ್ಮೆ ಇರೋ ಕೈ ಅಂದ್ರು."

ಅಕ್ಕನ ಮುಖದಲ್ಲಿ ಏನೂ ಕದಲಲಿಲ್ಲ. ಆದರೆ ಅವಳು ಕಟ್ಟೆಯ ಮೇಲೆ, ಚೀಲದ ಪಕ್ಕ, ಕೂತಳು. ಹೆಂಡತಿ ಕಾಫಿ ತಂದು ಕೊಟ್ಟು, ಒಳಗೆ ಹೋಗುವವಳಂತೆ ಮಾಡಿ ಬಾಗಿಲಲ್ಲೇ ನಿಂತಳು.

"ಒಬ್ಬ ಬೇಕರಿಯವನಿದ್ದ," ಅಕ್ಕ ಹೇಳತೊಡಗಿದಳು. "ಬ್ರೆಡ್ಡಿನ ವ್ಯಾನು ಓಡಿಸ್ಬೇಕಿತ್ತು ಅವನಿಗೆ. ಏಳು ಸಲ ಫೇಲು ಮಾಡ್ದೆ. ಏಳನೇ ಸಲ ಅವನು ಅಳಲೂ ಇಲ್ಲ, ಜಗಳಾನೂ ಆಡಲಿಲ್ಲ. 'ಮೇಡಂ, ನೀವೇ ಒಂದ್ಸಲ ಮಾಡಿ ತೋರಿಸಿ, ನೋಡಿ ಕಲೀತೀನಿ' ಅಂದ. ಪಾಪ, ನಿಜವಾಗ್ಲೂ ಕಲಿಯೋಕೇ ಕೇಳಿದ್ದು. ಅದೇ ಚುಚ್ಚಿಬಿಡ್ತು. ಭಾನುವಾರ ಮೈದಾನದ ಬೀಗ ತೆಗೆಸಿ, ಈ ಕಾರು ತಗೊಂಡು ಒಬ್ಬಳೇ ಹೋದೆ."

"ತಾಗಿತು."

"ತಾಗಿತು. ನಂಬಿಕೆ ಆಗ್ಲಿಲ್ಲ. ಟೇಪು ತಂದು ಅಳೆದೆ. ಅದಕ್ಕೂ ನಾಲ್ಕು ವರ್ಷ ಮುಂಚೆ ಮೈದಾನ ಸಮ ಮಾಡಿದಾಗ ಕಂಬ ಕಿತ್ತು ಮತ್ತೆ ನೆಟ್ಟಿದ್ರಲ್ಲ, ಒಂದು ಗೇಣು ಹತ್ತಿರ ನೆಟ್ಟಿದ್ರು. ನಾಲ್ಕು ವರ್ಷ, ಪಾಪು. ನಾನು ಪಕ್ಕದಲ್ಲೇ ನಿಂತು ಬರ್ಕೊಳ್ತಿದ್ದೆ."

ಅವಳು ಮರುದಿನವೇ ಮೇಲಧಿಕಾರಿಗೆ ಬರೆದು ಕಂಬಗಳನ್ನು ಸರಿಯಾದ ಜಾಗಕ್ಕೆ ಹಾಕಿಸಿದ್ದಳು. ಆ ನಾಲ್ಕು ವರ್ಷದಲ್ಲಿ ಕಂಬಕ್ಕೆ ತಾಗಿಸಿ ಫೇಲಾದ ನಾನೂರ ಹನ್ನೊಂದು ಜನಕ್ಕೆ, ತಪ್ಪು ಕಚೇರಿಯದು, ಇನ್ನೊಮ್ಮೆ ಬನ್ನಿ ಎಂದು ತಾನೇ ಕೂತು ಕಾಗದ ಬರೆದಿದ್ದಳು.

"ನನಗೆ ಬರ್ಲೇ ಇಲ್ವಲ್ಲಕ್ಕ ಕಾಗದ?"

"ನಿನಗೆ ಆಗ್ಲೇ ಲೈಸೆನ್ಸ್ ಇತ್ತು."

"ಅಂದ್ರೆ ನನ್ನ ಎರಡೂ ಫೇಲು..."

"ಮೊದಲನೇದು ಕಂಬದ ತಪ್ಪಿರಬಹುದು. ಎರಡನೇದರಲ್ಲಿ ನೀನು ಕಂಬ ಸೇರೋ ಮುಂಚೆ ಇಂಡಿಕೇಟರ್ ಹಾಕಿರಲಿಲ್ಲ. ನನ್ನ ಪುಸ್ತಕದಲ್ಲಿದೆ."

ಪಾಪಣ್ಣ ಕಾಫಿ ಕುಡಿದ. "ಬೇಕರಿಯವನು ಬಂದ್ನಾ?"

"ಬಂದ. ಅಗಲ ಮಾಡಿದ ಜಾಗದಲ್ಲೂ ಕಂಬಕ್ಕೇ ಹೊಡೆದ. ಎಂಟನೇ ಸಲ ಫೇಲು ಮಾಡಿದೆ. ಅವತ್ತು ಕಣ್ತುಂಬ ನಿದ್ದೆ ಬಂತು."

"ಕಂಬ ಸರಿ ಮಾಡಿಸಿದ ಮೇಲೆ ನೀನು ಮತ್ತೆ ಮಾಡಿ ನೋಡಿದ್ಯಾ?"

"ನೋಡಿದೆ. ಪಾಸಾದೆ. ಎರಡನೇ ಸಲಕ್ಕೆ."

"ಮೊದಲನೇ ಸಲ?"

"ಕಾಫಿ ಆರ್ತಿದೆ, ಕುಡಿ."

ಹಳೆಯ ಪುಟ್ಟಿಯ ಅಡಿಯಲ್ಲಿ ಎರಡು ಗೆರೆ ಏಕಿದ್ದವು ಎಂಬುದು ಪಾಪಣ್ಣನಿಗೆ ಆಗ ತಿಳಿಯಿತು. ಅವನು ಖಾಲಿ ಲೋಟದಿಂದಲೇ ಇನ್ನೊಂದು ಗುಟುಕು ಕುಡಿದ.

ಅಕ್ಕ ತನ್ನ ಲೋಟ ಕೆಳಗಿಟ್ಟು, "ಕಂಬ ತಪ್ಪಿತ್ತು ಅಂತ ನಾನೂರು ಜನಕ್ಕೆ ಬರೆಯೋದು ಕಷ್ಟ ಆಗ್ಲಿಲ್ಲ. ನಾನೂ ತಾಗಿಸಿದೆ ಅಂತ ಒಬ್ಬರಿಗೆ ಹೇಳೋಕೆ ಬಾಯಿ ಬರ್ಲಿಲ್ಲ ನೋಡು" ಎಂದಳು. ಆಮೇಲೆ ಬಾಗಿಲ ಕಡೆ ತಿರುಗಿ, "ಬಾರಮ್ಮ, ನೀನೂ ಕೂತ್ಕೋ. ಎಲ್ಲಾ ಕೇಳಿಸ್ಕೊಂಡು ಯಾಕೆ ನಿಂತಿದ್ದೀಯ" ಎಂದಳು.

ಹೆಂಡತಿ ಬಂದು ಕೂತಳು. ಕೂತವಳೇ, "ಅತ್ತಿಗೆ, ಇವರು ಮಾಡಿದ್ದು ನೋಡ್ತೀರಾ?" ಎಂದು ಫೋನ್ ಮುಂದೆ ಹಿಡಿದಳು. ಪಾಪಣ್ಣ ಅಡ್ಡ ಕೈ ಹಾಕುವಷ್ಟರಲ್ಲಿ ಫೋಟೋ ಅಕ್ಕನ ಕೈ ಸೇರಿತ್ತು.

ಅಕ್ಕ ಫೋಟೋವನ್ನು ಹತ್ತಿರಕ್ಕೆ ತಂದಳು, ದೂರ ಹಿಡಿದಳು. "ಇದು ನನ್ನ ಕಾರಾ?" ಎಂದಳು. ನಂತರ ಅವಳ ಭುಜ ಅಲುಗತೊಡಗಿತು. ಪಾಪಣ್ಣ ಗಾಬರಿಯಾದ. ಅವಳು ನಗುವುದನ್ನು ಅವನು ನೋಡಿ ಎಷ್ಟು ವರ್ಷವಾಗಿತ್ತೆಂದರೆ ಗುರುತು ಹಿಡಿಯಲು ಕ್ಷಣ ಬೇಕಾಯಿತು. ಅವಳು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ಮತ್ತೆ ಹಾಕಿಕೊಂಡು, ಇನ್ನೊಮ್ಮೆ ಫೋಟೋ ನೋಡಿ, ಮತ್ತೆ ತೆಗೆದಳು. "ನೊಣ," ಎಂದ ಪಾಪಣ್ಣ, ವಿವರಣೆ ಕೊಡುವ ಸಲುವಾಗಿ. "ಒಂದು ನೊಣ ಕೂತಿತ್ತಕ್ಕ." ಅದರಿಂದ ಪರಿಸ್ಥಿತಿ ಸುಧಾರಿಸಲಿಲ್ಲ.

ಯಾವಾಗ ಬಂದರೂ ಅರ್ಧ ಗಂಟೆಗೆ ಎದ್ದು ಹೊರಡುವ ಅಕ್ಕ ಅಂದು ಊಟಕ್ಕೆ ನಿಂತಳು. ಊಟ ಮಾಡಿ, ಹೊಲಿಗೆ ಕೋಣೆಯ ದಿವಾನಿನ ಮೇಲಿದ್ದ ಬಟ್ಟೆಯ ರಾಶಿಯನ್ನು ಪಕ್ಕಕ್ಕೆ ಸರಿಸಿ, ಮಷಿನ್ನಿನ ಸದ್ದಿನಲ್ಲೇ ಎರಡು ಗಂಟೆ ಮಲಗಿದಳು. ಎದ್ದಾಗ ಕೆನ್ನೆಯ ಮೇಲೆ ಒಂದು ಗುಂಡಿಯ ಗುರುತು ಮೂಡಿತ್ತು. ಯಾರೂ ಹೇಳಲಿಲ್ಲ.

ಐದು ಗಂಟೆಗೆ ಅವಳು ಕಾರಿನಲ್ಲಿ ಕೂತು ಇಂಜಿನ್ ಆನ್ ಮಾಡಿದಳು. ಅಂಗಳದಿಂದ ಹಿಂದಕ್ಕೆ ತೆಗೆಯಬೇಕಿತ್ತು. ಕನ್ನಡಿ ನೋಡಿದಳು, ಕತ್ತು ತಿರುಗಿಸಿ ನೋಡಿದಳು, ಗೇರಿನ ಮೇಲೆ ಕೈಯಿಟ್ಟು ಹಾಗೇ ಕೂತಳು. ಆಮೇಲೆ ಕಿಟಕಿಯ ಗಾಜು ಇಳಿಸಿದಳು.

"ಪಾಪಣ್ಣ, ಹಿಂದೆ ನಿಂತು ಸ್ವಲ್ಪ ಹೇಳೋ."

ಪಾಪಣ್ಣ ಗೇಟಿನ ಹೊರಗೆ ರಸ್ತೆಯಲ್ಲಿ ನಿಂತ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಎರಡೂ ಕೈ ಎತ್ತಿದ. "ಬರ್ಲಿ ಅಕ್ಕ, ಬರ್ಲಿ. ಸ್ವಲ್ಪ ಎಡಕ್ಕೆ. ಹಾಂ, ಹಾಗೇ ಬರ್ಲಿ."

ಅಕ್ಕ ಅವನು ಹೇಳಿದಂತೆ ತಿರುಗಿಸಿದಳು, ನಿಲ್ಲಿಸು ಎಂದಲ್ಲಿ ನಿಲ್ಲಿಸಿದಳು.